ಹನ್ನೆರಡು ಬಲ್ಬು, ಒಂದು ಠರಾವು

ಬೆಳಗಿನ ಐದೂವರೆಗೆ ವಿಜಯಪುರ ಬಿಟ್ಟೆವು. ಡಿಸೆಂಬರ್ ಚಳಿ. ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದ ಒಂಬತ್ತನೇ ತರಗತಿಯ 38 ಮಕ್ಕಳು, ಇಬ್ಬರು ಶಿಕ್ಷಕರು, ಚಾಲಕ, ಕ್ಲೀನರ್. ಮೇಲೆ ಎರಡು ಬುಟ್ಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ.

ಪ್ರತಿ ವರ್ಷ ನಮ್ಮ ಶಾಲೆಯ ಪ್ರವಾಸ ಬಾದಾಮಿ, ಪಟ್ಟದಕಲ್ಲಿಗೇ. ಈ ಸಲ ಅದಕ್ಕೆ ಅರ್ಧ ದಿನ ಸೇರಿಸಿದ್ದೆವು. ಅದಕ್ಕೆ ಕಾರಣ ಒಬ್ಬ ಹುಡುಗ. ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂವಿಧಾನದ 73ನೇ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, ಮೂರು ಹಂತದ ಪಂಚಾಯತ್ ವ್ಯವಸ್ಥೆ ಅಂತ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಅಜ್ಜಿಯ ಊರಿಗೆ ರಜೆಗೆ ಹೋಗಿ ಬಂದಿದ್ದ ಆ ಹುಡುಗ ಎದ್ದು ನಿಂತು ಕೇಳಿದ: "ಟೀಚರ್, ನಮ್ಮಜ್ಜಿ ಓಣ್ಯಾಗ ಕಂಬದ ಬಲ್ಬ್ ಹೋಗಿ ಎರಡು ತಿಂಗಳಾತ್ರಿ. ಅದನ್ನ ಹಾಕ್ಸಾಕ ಯಾರು ಹೂಂ ಅನ್ನಬೇಕ್ರಿ?" ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ನಮ್ಮ ಊರಿನಲ್ಲೇ ತೋರಿಸಬಹುದಿತ್ತು. ಆದರೆ ವಿಜಯಪುರ 2013ರಲ್ಲೇ ಮಹಾನಗರ ಪಾಲಿಕೆ ಆಗಿದೆ. ಪಾಲಿಕೆಯ ಲೆಕ್ಕ ಕೋಟಿಗಳಲ್ಲಿ ಇರುತ್ತದೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಕೋಟಿ ಅಂದರೆ ಬರೀ ಸೊನ್ನೆಗಳು. ಇಪ್ಪತ್ತೈದು ಸಾವಿರ ಅಂದರೆ ಹಾಗಲ್ಲ. ಅಪ್ಪ ಎಷ್ಟು ತಿಂಗಳು ದುಡಿಯಬೇಕು ಅಂತ ಅವರಿಗೆ ಗೊತ್ತು. ಹಾಗಾಗಿ ಬಾದಾಮಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಫೋನ್ ಮಾಡಿದೆ. "ಸಾಮಾನ್ಯ ಸಭೆ ಇದ್ದ ದಿನಾನ ಬರ್ರಿ ಮೇಡಮ್, ಹುಡುಗರು ನಿಜವಾದದ್ದನ್ನ ನೋಡ್ಲಿ" ಅಂದರು.

ಕೊಲ್ಹಾರದ ಹತ್ತಿರ ಸೂರ್ಯ ಬಂದ. ಕೃಷ್ಣೆಯ ಉದ್ದನೆಯ ಸೇತುವೆ ಮೇಲೆ ಬಸ್ಸು ನಿಧಾನವಾಯಿತು. ಆಲಮಟ್ಟಿಯ ಹಿನ್ನೀರು ಎರಡೂ ಕಡೆ ತುಂಬಿ ನಿಂತಿತ್ತು. ಕಿಟಕಿಗಳೆಲ್ಲ ಒಟ್ಟಿಗೇ ತೆರೆದವು. ಮೊಸರು ಕುಡಿಯೋಣ ಅಂತ ಮಕ್ಕಳು ಶುರು ಮಾಡಿದರು. ಬರುವಾಗ ನೋಡೋಣ ಅಂದೆ. ಗದ್ದನಕೇರಿ ಕ್ರಾಸ್, ಕೆರೂರು ದಾಟಿ ಆ ಊರು ಮುಟ್ಟಿದಾಗ ಒಂಬತ್ತೂವರೆ.

ಪಂಚಾಯಿತಿ ಕಟ್ಟಡ ಚಿಕ್ಕದು. ಒಂದು ಕಡೆ ಬಾಪೂಜಿ ಸೇವಾ ಕೇಂದ್ರದ ಕಿಟಕಿ, ಇನ್ನೊಂದು ಕಡೆ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ. ನಡುವೆ ಸಭೆಯ ಕೋಣೆ. ಸಭೆಗೆ ಇನ್ನೂ ಹೊತ್ತಿತ್ತು. ಪಿಡಿಒ ಮಕ್ಕಳನ್ನು ಅರಿವು ಕೇಂದ್ರದಲ್ಲಿ ಜಮಖಾನೆ ಹಾಸಿ ಕೂರಿಸಿದರು. ಗೋಡೆ ಮೇಲೆ ನವೆಂಬರ್‌ನಲ್ಲಿ ನಡೆದ ಮಕ್ಕಳ ಗ್ರಾಮ ಸಭೆಯ ಬೇಡಿಕೆಗಳ ಪಟ್ಟಿ ಅಂಟಿಸಿದ್ದರು. ಊರಿನ ಮಕ್ಕಳದೇ ಕೈಬರಹ. ಮೂರನೆಯದು ಹೀಗಿತ್ತು: "ಬಸ್ ಸ್ಟ್ಯಾಂಡಿನಿಂದ ಹರಿಜನ ಕೇರಿಯ ತನಕ ಕಂಬಗಳಲ್ಲಿ ದೀಪ ಇಲ್ಲ. ಕಾಲೇಜಿನಿಂದ ಸಂಜೆ ಬಸ್ಸಿಗೆ ಬರುವ ಅಕ್ಕಂದಿರಿಗೆ ಹೆದರಿಕೆ ಆಗುತ್ತದೆ." ನಮ್ಮ ಹುಡುಗಿಯರು ಅದನ್ನು ಎರಡು ಸಲ ಓದಿದರು.

ಪಿಡಿಒ ಒಂದು ಬಿಳಿ ಹಾಳೆ ತೆಗೆದು ಮೂರು ಡಬ್ಬಿ ಬರೆದರು. "ನಮ್ಮ ಹತ್ರ ರೊಕ್ಕ ಒಂದ ಡಬ್ಬ್ಯಾಗ ಇರಂಗಿಲ್ಲ" ಅಂದರು. ಅಲ್ಲಿಂದ ಮುಂದಿನ ಅರ್ಧ ಗಂಟೆ ನಾನು ಎಷ್ಟೋ ವರ್ಷ ಕಲಿಸಿದ ಪಾಠಕ್ಕಿಂತ ಜಾಸ್ತಿ ಇತ್ತು.

ಮೊದಲ ಡಬ್ಬಿ, 15ನೇ ಹಣಕಾಸು ಆಯೋಗದ ಹಣ, ಅಂದರೆ ಆಗ ಕೇಂದ್ರದಿಂದ ಬರುತ್ತಿದ್ದ ಅನುದಾನ. ಅದರಲ್ಲಿ ನೂರಕ್ಕೆ 60 ರೂಪಾಯಿ ನಿರ್ಬಂಧಿತವಾಗಿತ್ತು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಅದರಿಂದ ಬಲ್ಬ್ ತರುವ ಹಾಗಿರಲಿಲ್ಲ. ಎರಡನೇ ಡಬ್ಬಿ, ಉಳಿದ 40 ರೂಪಾಯಿ. ಇದು ಮುಕ್ತ, ಊರಿಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಮುಟ್ಟುವಂತಿರಲಿಲ್ಲ. ಆದರೆ ಅದರ ಕ್ರಿಯಾ ಯೋಜನೆ ಗ್ರಾಮ ಸಭೆಯಲ್ಲಿ ಮೊದಲೇ ಆಗಿರುತ್ತದೆ. ಆ ಊರಿನಲ್ಲಿ ಅದು ಒಂದು ಓಣಿಯ ರಸ್ತೆಗೆ ಹೋಗಿತ್ತು. ಮೂರನೆಯದು ಸ್ವಂತ ನಿಧಿ. ಮನೆ ಕರ, ನೀರಿನ ಕರ, ಅಂಗಡಿ ಬಾಡಿಗೆ. "ಇದು ನಮ್ಮ ಕಿಸೆದ ರೊಕ್ಕ" ಅಂದರು. ಬಿಲ್ ಕಲೆಕ್ಟರ್ ಮನೆ ಮನೆ ತಿರುಗಿ ತಂದದ್ದು. ಅದರಲ್ಲೂ ಪರಿಶಿಷ್ಟರಿಗೆ, ವಿಕಲಚೇತನರಿಗೆ ಅಂತ ತೆಗೆದಿಡಬೇಕು. ಅಷ್ಟೆಲ್ಲ ತೆಗೆದ ಮೇಲೆ ಆ ದಿನ ಖರ್ಚಿಗೆ ಉಳಿದದ್ದು 41 ಸಾವಿರ.

"ಅಂದ್ರ ಕರ ಕಟ್ಟಲಿಲ್ಲಂದ್ರ ಬಲ್ಬ್ ಇಲ್ಲೇನ್ರಿ ಸರ್?" ಹುಡುಗನೊಬ್ಬ ಕೇಳಿದ.

"ಪೂರ್ತಿ ಹಂಗಲ್ಲ. ಆದ್ರ ಬಲ್ಬ್ ತಡಾ ಆಗೋದು ಅದಕ್ಕ."

ನಮ್ಮಲ್ಲಿ ಪಂಚಾಯಿತಿ ಎಂದರೆ ದೊಡ್ಡವರು ಕೂಡಲೇ ಒಂದು ಮಾತು ಆಡುತ್ತೇವೆ, ಎಲ್ಲ ತಿಂತಾರ ಬಿಡು ಅಂತ. ಮಕ್ಕಳು ಅದನ್ನೇ ಕೇಳಿ ಬೆಳೆಯುತ್ತಾರೆ. ಯಾವ ಡಬ್ಬಿಯಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದಿದ್ದರೆ ತಿಂದರೋ ಇಲ್ಲವೋ ಅನ್ನುವುದಾದರೂ ಹೇಗೆ ಗೊತ್ತಾಗಬೇಕು, ಅಲ್ವಾ?

ಹನ್ನೊಂದೂಕಾಲಿಗೆ ಸಭೆ ಶುರುವಾಯಿತು. ನಮ್ಮ ಮಕ್ಕಳು ಗೋಡೆ ಗುಂಟ, ಬಾಗಿಲಲ್ಲಿ, ಹೊರಗಿನ ಕಿಟಕಿಯಲ್ಲಿ. 17 ಸದಸ್ಯರಲ್ಲಿ 9 ಮಂದಿ ಮಹಿಳೆಯರು. ಕರ್ನಾಟಕದಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು ಅಂತ ಪರೀಕ್ಷೆಯಲ್ಲಿ ಬರೆಯುವವರು, ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದು ಫೈಲ್ ನೋಡುತ್ತಿದ್ದ ಅಧ್ಯಕ್ಷೆಯನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದರು.

ಹಿಂದಿನ ಸಭೆಯ ನಡವಳಿ ಓದಿದರು. ಅಂಗನವಾಡಿ ಮುಂದಿನ ಚರಂಡಿಗೆ ಕಲ್ಲು ಮುಚ್ಚುವ ವಿಷಯ ಬಂತು. ಅದು ನೈರ್ಮಲ್ಯದ ಡಬ್ಬಿ ಅಂತ ನಮ್ಮ ಹುಡುಗಿ ಒಬ್ಬಳು ಪಿಸುಗುಟ್ಟಿದಳು. ಹೌದು, ಅಲ್ಲಿಂದಲೇ ತೆಗೆದರು. ಐದು ನಿಮಿಷದಲ್ಲಿ ಮುಗಿಯಿತು.

ಆಮೇಲೆ ದೀಪ. ಹನ್ನೆರಡು ಕಂಬ. ಮೂರು ಅಂಗಡಿಗಳಿಂದ ಕೊಟೇಶನ್ ಬಂದಿದ್ದವು. ಎಲ್ಲಕ್ಕಿಂತ ಕಡಿಮೆ, ಒಂದು ಎಲ್‌ಇಡಿ ದೀಪಕ್ಕೆ 2,150 ರೂಪಾಯಿ. ಅದರ ನಂತರದ್ದು 2,400, ಎರಡು ವರ್ಷ ಗ್ಯಾರಂಟಿ. ನಮ್ಮ ಮಕ್ಕಳು ಅಂಗೈ ಮೇಲೇ ಲೆಕ್ಕ ಮಾಡಿದರು. 25,800. 28,800. ಮೂರು ಸಾವಿರ ವ್ಯತ್ಯಾಸ.

ಒಬ್ಬ ಸದಸ್ಯರು ಕಡಿಮೆ ಇದ್ದದ್ದನ್ನೇ ತಗೊಳ್ಳೋಣ, ಉಳಿದ ಮೂರು ಸಾವಿರದಲ್ಲಿ ನಮ್ಮ ವಾರ್ಡಿಗೆ ಒಂದು ದೀಪ ಬರುತ್ತದೆ ಅಂದರು. ಇನ್ನೊಬ್ಬರು ದೀಪವೇ ಬೇಡ, ಬೋರ್‌ವೆಲ್ ಮೋಟರ್ ರಿವೈಂಡಿಂಗ್‌ಗೆ ಇಡೋಣ, ಬೇಸಿಗೆ ಬರುತ್ತಿದೆ ಅಂದರು. ಪಿಡಿಒ ಅದಕ್ಕೆ ನೀರಿನ ಹಣವೇ ಇದೆ ಅಂದರು. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಸದಸ್ಯೆಯೊಬ್ಬರು ಎದ್ದರು. "ಹೋದ ಸರ್ತಿನೂ ಅಗ್ಗದ್ದ ತಂದ್ರಿ. ಮೂರು ತಿಂಗಳಕ್ಕ ಸುಟ್ಟು ಹೋದವು. ಅಗ್ಗ ಅಂದ್ರ ಯಾವುದ್ರಿ ಅದು?"

ಕೋಣೆ ಸುಮ್ಮನಾಯಿತು. ಪಿಡಿಒ ತಲೆ ಆಡಿಸಿದರು. ಆದರೆ ಒಂದು ತೊಡಕಿತ್ತು. ಕೊಟೇಶನ್ ಕೇಳುವಾಗ ಕಾಗದದಲ್ಲಿ ಗ್ಯಾರಂಟಿಯ ಮಾತೇ ಬರೆದಿರಲಿಲ್ಲ. ಒಂದೇ ಷರತ್ತಿನ ಮೇಲೆ ಕೊಟ್ಟ ದರಗಳನ್ನಷ್ಟೇ ಹೋಲಿಸಬಹುದು. ಜಾಸ್ತಿ ದರದ್ದನ್ನು ಸುಮ್ನೆ ಆರಿಸಿದರೆ ನಾಳೆ ಲೆಕ್ಕ ತಪಾಸಣೆಯವರು ಯಾಕೆ ಅಂತ ಕೇಳುತ್ತಾರೆ. ಎರಡು ವರ್ಷ ಗ್ಯಾರಂಟಿ ಇರಬೇಕು ಅಂತ ಬರೆದು ಮತ್ತೆ ಮೂರು ಕಡೆ ಕೇಳಬೇಕು. ಹದಿನೈದು ದಿನ.

ನಮ್ಮ ಮಕ್ಕಳ ಮುಖ ಇಳಿದದ್ದು ನನಗೆ ಕಂಡಿತು. ದೀಪ ಹತ್ತುವುದನ್ನೇ ನೋಡಲು ಬಂದವರು ಅವರು. ಅಷ್ಟರಲ್ಲಿ ಅಧ್ಯಕ್ಷೆ ಕೇಳಿದರು: "ಹದಿನೈದು ದಿನ ಆ ಹುಡುಗ್ಯಾರು ಕತ್ತಲ್ಯಾಗ ಬರಬೇಕೇನು?" ಊರಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಹಳೆಯ ದೀಪಗಳಲ್ಲಿ ನಾಲ್ಕನ್ನು ರಿಪೇರಿ ಮಾಡಬಹುದು ಅಂದ. ಬಸ್ ಸ್ಟ್ಯಾಂಡಿನಿಂದ ಮೊದಲ ತಿರುವಿನ ತನಕ ಆ ನಾಲ್ಕು, ಉಳಿದದ್ದು ಹೊಸ ಕೊಟೇಶನ್ ಬಂದ ಮೇಲೆ. ಹಾಗಂತ ಠರಾವು ಆಯಿತು. ತನ್ನ ವಾರ್ಡಿಗೆ ದೀಪ ಕೇಳಿದ್ದ ಸದಸ್ಯರು ಒಪ್ಪಲಿಲ್ಲ. "ನಾನು ವಿರೋಧ ಅದೀನಿ ಅಂತ ಬರೀರಿ" ಅಂದರು. ಬರೆದುಕೊಂಡರು. ಅವರ ಹೆಸರನ್ನೂ ಬರೆದರು. ಆಮೇಲೆ ಅವರೇ ನಮ್ಮ ಮಕ್ಕಳಿಗೆಲ್ಲ ಚಹಾ ತರಿಸಿದರು.

ದುಡ್ಡು ಹೇಗೆ ಹೋಗುತ್ತದೆ ಅಂತಲೂ ಪಿಡಿಒ ತೋರಿಸಿದರು. ಅಧ್ಯಕ್ಷೆಯದೊಂದು ಡಾಂಗಲ್, ಅವರದೊಂದು. ಇಬ್ಬರ ಡಿಜಿಟಲ್ ಸಹಿ ಬೀಳದೆ ಒಂದು ರೂಪಾಯಿಯೂ ಖಾತೆ ಬಿಡುವುದಿಲ್ಲ. ಬಾಗಿಲಲ್ಲಿ ಬೀಳ್ಕೊಡುವಾಗ ಅಧ್ಯಕ್ಷೆ ನನ್ನ ಕೈ ಹಿಡಿದು "ನಿಮ್ಮ ಹುಡುಗರನ್ನ ಮತ್ತ ಕರಕೊಂಡು ಬರ್ರಿ ಅಕ್ಕಾರ, ಅವರು ಕುಂತಿದ್ದಕ್ಕ ಇವತ್ತ ಎಲ್ಲಾರೂ ಚೊಲೊತ್ನಂಗ ಮಾತಾಡಿದ್ರು" ಅಂದರು.

ಮಧ್ಯಾಹ್ನದ ರೊಟ್ಟಿ ಬಾದಾಮಿಯಲ್ಲಿ, ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ. ಮಂಗಗಳಿಗೆ ಒಂದು ಪಾಲು ಹೋಯಿತು. ಕೆಂಪು ಬಂಡೆಗಳಿಗೆ ಬಿಸಿಲು ಬಿದ್ದು ನೀರೆಲ್ಲ ಕೆಂಪಾಗಿತ್ತು.

ಮೂರನೇ ಗುಹೆಗೆ ನಾನು ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಶೇಷನ ಮೇಲೆ ಕೂತ ವಿಷ್ಣು, ಕಂಬಗಳ ದಂಪತಿ ಶಿಲ್ಪ, ಇಷ್ಟನ್ನೇ ತೋರಿಸುತ್ತಿದ್ದೆ. ಈ ಸಲ ಶಾಸನದ ಮುಂದೆ ನಿಂತೆವು. ಶಕ ವರ್ಷ 500, ಅಂದರೆ ಕ್ರಿ.ಶ. 578. ಚಾಲುಕ್ಯ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಈ ಗುಡಿ ಮಾಡಿಸಿ ಒಂದು ಹಳ್ಳಿಯ ಆದಾಯ ಬಿಟ್ಟ. ಆ ಆದಾಯದಲ್ಲಿ ದಿನಾ 16 ಬ್ರಾಹ್ಮಣರ ಊಟ ಆಗಬೇಕು. ಉಳಿದದ್ದು ಊರೂರು ತಿರುಗುವ ಸನ್ಯಾಸಿಗಳ ಊಟಕ್ಕೆ.

"ಟೀಚರ್, ಇದೂ ನಿರ್ಬಂಧಿತ ಅನುದಾನನ ಐತಲ್ರಿ!"

ಬೆಳಿಗ್ಗೆ ಕರ ಕಟ್ಟದಿದ್ದರೆ ಬಲ್ಬ್ ಇಲ್ಲವೇ ಅಂತ ಕೇಳಿದ್ದ ಹುಡುಗನೇ ಹೇಳಿದ್ದು. ನನಗೆ ಮೈ ಜುಮ್ ಎಂದಿತು. ಅಲ್ಲೇ ಹತ್ತಿರ ಬಂಡೆ ಮೇಲೆ ಮಂಗಲೇಶನದೇ ಕನ್ನಡ ಶಾಸನ ಇದೆ. "ಕಲ್ಮನೆ"ಗೆ, ಅಂದರೆ ಈ ಕಲ್ಲಿನ ಮನೆಗೆ, ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದು. ಅದರಲ್ಲಿ ಹೂಮಾಲೆ ಕಟ್ಟುವವರ ಮಾತೂ ಬರುತ್ತದೆ. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳು ಆಗುತ್ತಾನೆ ಅಂತ ಮುಗಿಯುತ್ತದೆ. ಮಕ್ಕಳು ಆ ಸಾಲನ್ನು ಬರೆದುಕೊಂಡರು. ಹೂವು ಕಟ್ಟುವವರನ್ನೂ ಕಲ್ಲಿನಲ್ಲಿ ಬರೆದಿದ್ದಾರಲ್ಲ ಅಂತ ಒಬ್ಬಳಿಗೆ ಆಶ್ಚರ್ಯ. ಅವಳ ಅಮ್ಮ ನಮ್ಮೂರಿನ ಮಾರುಕಟ್ಟೆಯಲ್ಲಿ ಹೂವು ಮಾರುತ್ತಾರೆ.

ರಾತ್ರಿ ಬಾದಾಮಿಯಲ್ಲೇ ಉಳಿದೆವು. ಮರುದಿನ ಪಟ್ಟದಕಲ್ಲು, ಮಲಪ್ರಭೆಯ ದಂಡೆ, ವಿರೂಪಾಕ್ಷ ಗುಡಿ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಮಕ್ಕಳು ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಳಗಿನ ಬಿಸಿಲು ಕಾಯಿಸಿಕೊಂಡರು. ನನಗೆ ಅಷ್ಟೇ ನೆನಪಿದೆ.

ವಾಪಸ್ ಬರುವಾಗ ಕೆರೂರು ದಾಟಿದ ಮೇಲೆ ಖರ್ಚಿನ ಲೆಕ್ಕ ಹಾಕಿದೆವು. 1,140 ರೂಪಾಯಿ ಉಳಿದಿತ್ತು. ಮಕ್ಕಳ ದುಡ್ಡು, ಮಕ್ಕಳೇ ತೀರ್ಮಾನಿಸಲಿ ಅಂದೆ. ಬಸ್ಸಿನಲ್ಲೇ ಸಭೆ ಕೂಡಿತು. ಒಬ್ಬಳು ಅಧ್ಯಕ್ಷೆ, ಒಬ್ಬ ಬರೆದುಕೊಳ್ಳುವವ.

ಸಮ ಹಂಚೋಣ, ಒಬ್ಬರಿಗೆ 30 ರೂಪಾಯಿ ಬರುತ್ತದೆ ಅಂದರು ಕೆಲವರು. ಶಾಲೆಯ ಕೈ ತೊಳೆಯುವ ಜಾಗಕ್ಕೆ ಹೊಸ ನಲ್ಲಿ ಹಾಕಿಸೋಣ ಅಂದರು ಕೆಲವರು. "ನಲ್ಲಿಗೆ ಆಗಂಗಿಲ್ಲ, ಪ್ರವಾಸಕ್ಕ ಅಂತ ಮನ್ಯಾಗ ಇಸ್ಕೊಂಡೀವಿ, ಇದು ನಿರ್ಬಂಧಿತ" ಅಂತ ಒಬ್ಬ ಗಟ್ಟಿಯಾಗಿ ವಾದಿಸಿದ. ಕೊಲ್ಹಾರದ ಮೊಸರಿನ ಪರವಾಗಿ ಹಿಂದಿನ ಸೀಟುಗಳು ಪೂರ್ತಿ ನಿಂತವು.

ಹೂವು ಮಾರುವವರ ಮಗಳು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಟೀಚರ್, ಹಂಚೋದು ಬ್ಯಾಡ್ರಿ. ಮೂರು ಮಂದಿ ರೊಕ್ಕ ಕೊಟ್ಟಿಲ್ಲ, ನೀವ ಕಟ್ಟೀರಿ. ವಾಪಸ್ ಕೊಡಾಕ ಹೋದ್ರ ಅದು ಎಲ್ಲಾರಿಗೂ ಗೊತ್ತಾಗ್ತದ." ಆ ಮೂವರಲ್ಲಿ ಅವಳು ಇರಲಿಲ್ಲ. ನಾನು ಅವಳ ಕೈ ಒತ್ತಿದೆ. ಅವಳು ಹೋಗಿ ಕಾರಣ ಹೇಳದೆಯೇ ಮೊಸರಿಗೆ ಕೈ ಎತ್ತಿದಳು. ಅವಳ ಗೆಳತಿಯರೂ ಎತ್ತಿದರು.

ಕೊಲ್ಹಾರದಲ್ಲಿ ಎರಡು ಕಡೆ ದರ ಕೇಳಿಕೊಂಡು ಬಂದರು. ಮಣ್ಣಿನ ಕುಡಿಕೆಯ ಗಟ್ಟಿ ಮೊಸರು, ಒಂದಕ್ಕೆ 25 ರೂಪಾಯಿ. ಆ ನೋಟ್‌ಬುಕ್ಕಿನ ಹಾಳೆ ಈಗ ನಮ್ಮ ತರಗತಿಯ ಗೋಡೆ ಮೇಲಿದೆ. ಅದರಲ್ಲಿ ಹೀಗಿದೆ:

"ಠರಾವು 1. ಮೊಸರಿನ ಕುಡಿಕೆ 40, ಡ್ರೈವರ್ ಕಾಕಾ ಮತ್ತು ಕ್ಲೀನರ್ ಅಣ್ಣ ಸೇರಿ. ಒಟ್ಟು 1,000 ರೂಪಾಯಿ. ಉಳಿದ 140 ರೂಪಾಯಿ ಮುಂದಿನ ವರ್ಷದ ಪ್ರವಾಸಕ್ಕೆ ಮಾತ್ರ. ವಿರೋಧ 4 ಮಂದಿ, ಹೆಸರು ಕೆಳಗೆ ಬರೆದಿದೆ. ಇದನ್ನು ಕೆಡಿಸಿದವರು ಏಳನೇ ನರಕದ ಹುಳು."