ಯಾವ ಡಾಕ್ಟರ್ ಬೇಕು ಅಂತ ಕೇಳಬೇಡಿ

ಓಪಿಡಿ ಕೌಂಟರಿಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಏನಾಗ್ತಿದೆ, ಯಾವಾಗಿಂದ ಅಂತ ಕೇಳಿ. ಡಿಪಾರ್ಟ್‌ಮೆಂಟ್ ಹುಡುಕುವುದು ನಮ್ಮ ಕೆಲಸ, ಪೇಷಂಟ್ ಕೆಲಸ ಅಲ್ಲ.

ಕಿಡ್ನಿ ಡಾಕ್ಟರ್ ಬೇಕು ಅಂತಾರೆ. ಕಲ್ಲಾಗಿದ್ದರೆ, ಮೂತ್ರ ಕಟ್ಟಿದ್ದರೆ ಯೂರಾಲಜಿ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದರೆ, ಅಂದರೆ ಕಿಡ್ನಿಯ ಕೆಲಸ ಕುಗ್ಗಿದ್ದರೆ ನೆಫ್ರಾಲಜಿ. ನರದ ಡಾಕ್ಟರ್ ಅಂದವರ ಕಾಲಲ್ಲಿ ನೀಲಿ ನರ ಉಬ್ಬಿದ್ದರೆ ವ್ಯಾಸ್ಕ್ಯುಲರ್ ಸರ್ಜನ್, ಕೈಕಾಲು ಜೋಮು ಹಿಡಿದಿದ್ದರೆ ನ್ಯೂರಾಲಜಿ. ಇಲ್ಲೆಲ್ಲ ತಪ್ಪಿದರೆ ಅರ್ಧ ದಿನ ಹಾಳು, ಅಷ್ಟೇ. ಕೆಲವು ಕಡೆ ಹಾಗಲ್ಲ.

ಒಂದು ಸೋಮವಾರ ಕ್ಯೂ ಬಾಗಿಲಾಚೆವರೆಗೂ ಇತ್ತು. ವಯಸ್ಸಾದವರೊಬ್ಬರು ದವಡೆ ಹಿಡಿದುಕೊಂಡು ಬಂದು, "ಹಲ್ಲಿನ ಡಾಕ್ಟ್ರಿಗೆ ಚೀಟಿ ಕೊಡಮ್ಮ" ಅಂದರು. ಡೆಂಟಲ್ ಅಂತ ಒತ್ತಿ ಮೊಬೈಲ್ ನಂಬರ್ ಕೇಳಿದೆ. ಐದು ಅಂಕಿ ಹೇಳಿ ನಿಲ್ಲಿಸಿದರು, ಉಸಿರು ಎಳೆದುಕೊಂಡು ಮಿಕ್ಕಿದ್ದು ಹೇಳಿದರು. ಆಗ ತಲೆ ಎತ್ತಿ ನೋಡಿದೆ. ಫ್ಯಾನ್ ಕೆಳಗೇ ನಿಂತಿದ್ದರೂ ಅಂಗಿ ಕಾಲರ್ ಬೆವರಿಗೆ ಒದ್ದೆಯಾಗಿತ್ತು.

"ಯಾವ ಹಲ್ಲು ಸರ್?"

"ಹಲ್ಲಲ್ಲಮ್ಮ, ದವಡೆ. ಬೆಳಗ್ಗೆ ಮೆಟ್ಟಿಲು ಹತ್ತಿದಾಗಿಂದ."

"ಶುಗರ್ ಇದೆಯಾ?"

"ಇದೆ."

ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಬಾರದೇ, ದವಡೆ ನೋವು, ಬೆವರು, ಏದುಸಿರು ಅಷ್ಟೇ ಇರಬಹುದು. ಅಂಥ ಅನುಮಾನ ಬಂದರೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ನಮ್ಮ ಸಾಫ್ಟ್‌ವೇರ್ ಮಾತ್ರ ಒಟಿಪಿ ಹಾಕದೆ ಮುಂದೆ ಹೋಗಲ್ಲ. ಕ್ಯಾಶುವಾಲ್ಟಿಗೆ ಫೋನ್ ಮಾಡಿ ವೀಲ್‌ಚೇರ್ ಕರೆದೆ. ವಾರ್ಡ್ ಬಾಯ್ ಬಂದು, "ಚೀಟಿ ಇಲ್ದೆ ಹೆಂಗ್ ಕರ್ಕೊಂಡ್ ಹೋಗ್ಲಿ ಮೇಡಂ?" ಅಂತ ನಿಂತ. ಅವನ ತಪ್ಪಲ್ಲ, ಚೀಟಿ ಇಲ್ಲದೆ ಕರೆದೊಯ್ದು ಬೈಸಿಕೊಂಡಿದ್ದಾನೆ. ನಾನೇ ಎದ್ದು ಜೊತೆಗೆ ಹೋದೆ. ಹಿಂದೆ ಕ್ಯೂನವರು ಕೂಗಾಡುತ್ತಿದ್ದರು. ಇಸಿಜಿ ನೋಡಿದ ಡ್ಯೂಟಿ ಡಾಕ್ಟರ್ ಕಾರ್ಡಿಯಾಲಜಿಗೆ ಫೋನ್ ಮಾಡಿದರು, ಅಲ್ಲಿಂದ ನೇರ ಹೃದಯದ ರಕ್ತನಾಳದ ಬ್ಲಾಕ್ ತೆಗೆಯುವ ಕ್ಯಾಥ್ ಲ್ಯಾಬ್. ಬದುಕಿದರು.

ಸಂಜೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳಿದ್ದು, ಕೌಂಟರ್ ಯಾಕೆ ಖಾಲಿ ಇತ್ತು ಅಂತ. ನನಗೆ ಇವತ್ತಿಗೂ ಸಿಟ್ಟಿದೆ.

ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲುತ್ತಿದ್ದರೆ ನ್ಯೂರಾಲಜಿ ಟೋಕನ್ ಕೊಟ್ಟು ಕೂರಿಸಲೇಬೇಡಿ. ಅದು ಸ್ಟ್ರೋಕ್ (ಲಕ್ವ) ಇರಬಹುದು, ನೇರ ಕ್ಯಾಶುವಾಲ್ಟಿಗೆ ಕಳಿಸಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ 4.5 ಗಂಟೆ. ಅದೂ ಲಕ್ಷಣ ಶುರುವಾದಾಗಿನಿಂದ ಲೆಕ್ಕ, ಆಸ್ಪತ್ರೆಗೆ ಬಂದಾಗಿನಿಂದ ಅಲ್ಲ.

ಕೌಂಟರ್ ಪಕ್ಕ ಯಾರಿಗೆ ತುರ್ತು ಅಂತ ಮೊದಲೇ ನೋಡಿ ಹೇಳುವ ಒಬ್ಬ ಟ್ರಯೇಜ್ ನರ್ಸ್ ಕೊಡಿ, ಸಾಫ್ಟ್‌ವೇರ್‌ನ ಡಿಪಾರ್ಟ್‌ಮೆಂಟ್ ಲಿಸ್ಟ್‌ನಲ್ಲಿ 'ಗೊತ್ತಿಲ್ಲ, ನರ್ಸ್ ನೋಡಲಿ' ಅಂತ ಒಂದು ಆಯ್ಕೆ ಸೇರಿಸಿ ಅಂತ ಬರೆದು ಕೊಟ್ಟಿದ್ದೇನೆ. ಆಯ್ಕೆ ಸೇರಿಸಿದ್ದಾರೆ. ನರ್ಸ್ ಇನ್ನೂ ಬಂದಿಲ್ಲ.