ಮಣ್ಣಿನ ಮೆದುಳು: ಮೂರನೇ ವಾರ, ಮತ್ತೆ ಮೊದಲಿಂದ

ಮೆದುಳು ಮಾಡಲು ಕೂತು ಇವತ್ತಿಗೆ ಇಪ್ಪತ್ತು ದಿನ. ಕುಂಬಾರಗೇರಿಯಲ್ಲಿ ಗಣಪತಿ ಮಾಡುವವರ ಹತ್ತಿರ ನಾಲ್ಕು ಕೆಜಿ ಜೇಡಿಮಣ್ಣು ತಂದಿದ್ದೆ. ಒಂದು ಸಲ ಪೂರ್ತಿ ಕೆಡವಿ, ಈಗ ಅರ್ಧಕ್ಕೆ ಬಂದಿದ್ದೇನೆ.

ಕೆಡವಿದ್ದು ಯಾಕೆ ಅಂದರೆ, ಮೊದಲ ಸಲ ಮುದ್ದೆ ಕಟ್ಟಿ ಚಮಚದ ಹಿಡಿಯಿಂದ ಅಂಕುಡೊಂಕು ಗೀರು ಎಳೆದಿದ್ದೆ. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಮಹಡಿ ಮನೆಯಲ್ಲಿ ಫಿಸಿಯೋಥೆರಪಿ ಓದುವ ಹುಡುಗಿ ನೋಡಿ, "ಅಂಕಲ್, ಇದು ಅಕ್ರೋಟು" ಅಂದಳು. ತಪ್ಪೇನಿಲ್ಲ. ಮೆದುಳಿನ ಹೊರಪದರವನ್ನು ಬಿಡಿಸಿ ಹಾಸಿದರೆ ಸುಮಾರು 2,000 ಚದರ ಸೆಂಟಿಮೀಟರ್, ದಿನಪತ್ರಿಕೆಯ ಒಂದು ಪುಟದಷ್ಟು. ಅದರಲ್ಲಿ ಮೂರರಲ್ಲಿ ಎರಡು ಪಾಲು ಮಡಿಕೆಗಳ ಒಳಗೇ ಅಡಗಿರುತ್ತದೆ. ನಾನು ಬರೀ ಮೇಲಿನ ಗೆರೆ ಎಳೆದಿದ್ದೆ.

ದಾರಿ ತೋರಿಸಿದ್ದು ಅವರೆಕಾಳು. ಸಾರಿಗೆ ಅಂತ ಮನೆಯವರು ಒಣ ಅವರೆ ನೆನೆಹಾಕಿದ್ದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸಿಪ್ಪೆ ತುಂಬಾ ಸುಕ್ಕು! ಸಿಪ್ಪೆ ಮೊದಲು ನೀರು ಕುಡಿದು ಹಿಗ್ಗಿದೆ, ಒಳಗಿನ ಬೇಳೆ ಇನ್ನೂ ಹಿಗ್ಗಿಲ್ಲ. ಸಂಜೆಗೆ ಬೇಳೆಯೂ ಉಬ್ಬಿತು, ಸುಕ್ಕು ಮಾಯ. ಗರ್ಭದ ಮಗುವಿನ ಮೆದುಳಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಐದನೇ ತಿಂಗಳವರೆಗೂ ಅದು ಬಹುಪಾಲು ನುಣುಪು. ಆಮೇಲೆ ಹೊರಪದರ ಒಳಭಾಗಕ್ಕಿಂತ ಜಾಸ್ತಿ ವೇಗದಲ್ಲಿ ಬೆಳೆಯುತ್ತದೆ, ಜಾಗ ಸಾಲದೆ ಮಡಿಚಿಕೊಳ್ಳುತ್ತದೆ. ಒಂದೇ ವ್ಯತ್ಯಾಸ, ಅವರೆ ಸಿಪ್ಪೆ ಹಿತುಕಿದರೆ ಜಾರುತ್ತದೆ, ಮೆದುಳಿನ ಪದರ ಒಳಗಿನದಕ್ಕೆ ಅಂಟಿಕೊಂಡೇ ಇರುತ್ತದೆ. ಹಾರ್ವರ್ಡ್‌ನ ಎಲ್. ಮಹಾದೇವನ್ ಮತ್ತು ಜೊತೆಗಾರರು 2016ರಲ್ಲಿ ಇದನ್ನೇ ಜೆಲ್‌ನಲ್ಲಿ ಮಾಡಿ ತೋರಿಸಿದರು. ಭ್ರೂಣದ ಎಂಆರ್‌ಐ ನೋಡಿ ನುಣುಪಾದ ಜೆಲ್ ಮೆದುಳು ಮಾಡಿದರು, ಮೇಲೆ ಇನ್ನೊಂದು ಪದರ ಬಳಿದರು, ದ್ರಾವಣದಲ್ಲಿ ಮುಳುಗಿಸಿದರು. ಹೊರಪದರ ಹಿಗ್ಗಿ, ನಿಜವಾದ ಮೆದುಳಿನಂಥದ್ದೇ ಮಡಿಕೆ ಬಿತ್ತು.

ಹಾಗಾಗಿ ಗೀರುವುದು ಬಿಟ್ಟೆ, ಲಟ್ಟಿಸಿದೆ. ಮೊದಲ ಹಾಳೆ ರೊಟ್ಟಿಯಷ್ಟು ದಪ್ಪ ಬಂತು. ತಳ್ಳಿದರೆ ನಾಲ್ಕೇ ದೊಡ್ಡ ಮಡಿಕೆ, ಅದರ ಮೇಲೆ ಮಣಿಯಲೇ ಇಲ್ಲ. ಇದೂ ಸುಮ್ನೆ ಮಣ್ಣಿನ ತೊಂದರೆ ಅಲ್ಲ. ಲಿಸೆನ್ಸೆಫಲಿ ಅನ್ನುವ ಸ್ಥಿತಿಯಲ್ಲಿ ಮೆದುಳು ಹುಟ್ಟಿನಿಂದಲೇ ನುಣುಪು, ಅಲ್ಲಿ ಹೊರಪದರ ಮಾಮೂಲಿಗಿಂತ ಬಹಳ ದಪ್ಪ. ಗರ್ಭದಲ್ಲಿ ನರಕೋಶಗಳು ಒಳಗಿನಿಂದ ಹೊರಕ್ಕೆ ನಡೆದು ತಮ್ಮ ಜಾಗ ಸೇರಬೇಕು, ಅವು ಅರ್ಧ ದಾರಿಯಲ್ಲೇ ನಿಂತಿರುತ್ತವೆ. ಆ ಮಕ್ಕಳಿಗೆ ಫಿಟ್ಸ್ ಬರುತ್ತದೆ, ನಡೆ ನುಡಿ ಎಲ್ಲ ಹಿಂದೆ ಬೀಳುತ್ತದೆ. ಸಾಧಾರಣ ಪದರದ ದಪ್ಪ ಸರಾಸರಿ 2.5 ಮಿಲಿಮೀಟರ್ ಅಷ್ಟೇ. ಮಣ್ಣಿಗೆ ಹತ್ತಿ ಬೆರೆಸಿ ಚೆನ್ನಾಗಿ ಕುಟ್ಟಿದ ಮೇಲೆ ಅಷ್ಟು ತೆಳ್ಳಗೆ ಲಟ್ಟಿಸಲು ಆಯಿತು.

ಈಗ ಎಲ್ಲೆಂದರಲ್ಲಿ ಮಡಿಚುವ ಹಾಗಿಲ್ಲ. ದೊಡ್ಡ ಸೀಳುಗಳಿಗೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ವಿಳಾಸ. ನೆತ್ತಿಯಿಂದ ಪಕ್ಕಕ್ಕೆ ಇಳಿಯುವ ನಡುಸೀಳನ್ನು ಮೊದಲು ಒತ್ತಿದೆ. ಅದರ ಮುಂದಿನ ದಿಂಡು ಕೈಕಾಲು ಆಡಿಸುತ್ತದೆ, ಹಿಂದಿನದು ಸ್ಪರ್ಶ ತಿಳಿಯುತ್ತದೆ. ಮುಂದಿನ ದಿಂಡಿನಲ್ಲಿ ಲಾಳದಂಥ ಒಂದು ಉಬ್ಬು ಇದೆ, ಅದು ಕೈಯ ಜಾಗ. 2006ರ ಒಂದು ಅಧ್ಯಯನದಲ್ಲಿ, ಪಿಟೀಲಿನಂಥ ತಂತಿವಾದ್ಯ ನುಡಿಸುವವರಲ್ಲಿ ಆ ಉಬ್ಬು ಬಲ ಮೆದುಳಿನಲ್ಲಿ ಎದ್ದು ಕಂಡಿತ್ತು, ಯಾಕೆಂದರೆ ಎಡಗೈ ಬೆರಳುಗಳನ್ನು ಆಡಿಸುವುದು ಬಲ ಮೆದುಳು. ಪಿಯಾನೋದವರಲ್ಲಿ ಎಡಗಡೆ. ಇದನ್ನು ಕೇಳಿ, ಪಿಟೀಲು ಕಲಿಯುವ ನನ್ನ ಮಗಳು "ಅಪ್ಪಾ, ಬಲಗಡೆ ದೊಡ್ಡದಾಗಿ ಮಾಡು" ಅಂತ ಗಂಟುಬಿದ್ದಳು. ಇನ್ನೂ ಸರಳೆ ವರಸೆಯಲ್ಲಿದ್ದಾಳೆ. ಮಾಮೂಲಿಯಷ್ಟೇ ಮಾಡಿದ್ದೇನೆ, ವರ್ಣಕ್ಕೆ ಬರಲಿ ನೋಡೋಣ.

ಸಣ್ಣ ಮಡಿಕೆಗಳಲ್ಲಿ ನನಗೆ ಸ್ವಾತಂತ್ರ್ಯ ಇದೆ. ಅವು ಒಬ್ಬರಿಂದೊಬ್ಬರಿಗೆ ಬೇರೆ, ಒಂದೇ ತಲೆಯಲ್ಲಿ ಎಡಕ್ಕೂ ಬಲಕ್ಕೂ ಬೇರೆ. 1909ರಲ್ಲಿ ಜರ್ಮನಿಯ ನರತಜ್ಞ ಬ್ರಾಡ್‌ಮನ್ ಮೆದುಳಿನ ನಕ್ಷೆ ಬರೆದದ್ದು ಮಡಿಕೆ ನೋಡಿ ಅಲ್ಲ, ಜೀವಕೋಶಗಳ ಜೋಡಣೆ ನೋಡಿ. ಆ ಗಡಿಗಳು ಎಷ್ಟೋ ಕಡೆ ಸೀಳುಗಳಿಗೆ ಹೊಂದುವುದೇ ಇಲ್ಲ. ಸುಕ್ಕು ಜಾಸ್ತಿ ಇದ್ದರೆ ಬುದ್ಧಿ ಜಾಸ್ತಿ ಅಂತ ನೋಡಲು ಬಂದವರೆಲ್ಲ ಹೇಳುತ್ತಾರೆ. ಡಾಲ್ಫಿನ್ ಮೆದುಳಿನಲ್ಲಿ ನಮಗಿಂತ ಹೆಚ್ಚು ಮಡಿಕೆ ಇದೆ ಅಂದರೆ ಸುಮ್ಮನಾಗುತ್ತಾರೆ.

ಹಿಂಭಾಗ ಬಾಕಿ. ಕಣ್ಣಿನಿಂದ ಬಂದದ್ದು ಮೊದಲು ತಲುಪುವ ಪದರ ಅಲ್ಲಿ, ಎರಡು ಅರ್ಧಗಳು ಎದುರುಬದುರಾಗುವ ಒಳಗೋಡೆಯ ಸೀಳಿನಲ್ಲಿದೆ. ಜೋಡಿಸಿ ಅಂಟಿಸಿದರೆ ಕಾಣುವುದೇ ಇಲ್ಲ. ಅದಕ್ಕೇ ಅಂಟಿಸುವ ಯೋಚನೆ ಬಿಟ್ಟಿದ್ದೇನೆ. ಸದ್ಯಕ್ಕೆ ಎರಡಕ್ಕೂ ಒದ್ದೆ ಗೋಣಿಚೀಲ ಹೊದಿಸಿದ್ದೇನೆ, ಭಾನುವಾರದವರೆಗೆ ಬಿರುಕು ಬಿಡದಿದ್ದರೆ ಸಾಕು.