ಅಪ್ಪ ಮೂಸಿದ ನಾಲ್ಕು ಗ್ಲಾಸು

ಅಪ್ಪನಿಗೆ ನಾವು ಹೇಳಿದ್ದು ಗೋವಿನಜೋಳದ ಫ್ಯಾಕ್ಟರಿ ನೋಡಿಕೊಂಡು ಬರೋಣ ಅಂತ. ಪೂರ್ತಿ ಸುಳ್ಳೇನೂ ಅಲ್ಲ. ಅಮೆರಿಕದ ವಿಸ್ಕಿಯನ್ನು ಬರ್ಬನ್ ಅಂತ ಹೆಸರಿಟ್ಟು ಮಾರಬೇಕಾದರೆ ಅದಕ್ಕೆ ಬಳಸುವ ಕಾಳಿನಲ್ಲಿ ನೂರಕ್ಕೆ 51 ಪಾಲಾದರೂ ಗೋವಿನಜೋಳ ಇರಲೇಬೇಕು ಅಂತ ಅಮೆರಿಕದ ಕಾನೂನೇ ಹೇಳುತ್ತದೆ. ಬಹಳ ಕಡೆ 70ರ ಮೇಲೇ ಹಾಕುತ್ತಾರೆ. ಹಾಗಾಗಿ ಜೋಳದ ಫ್ಯಾಕ್ಟರಿ ಅಂದರೆ ತಪ್ಪೇನು ಎಂದು ಸಿನ್ಸಿನಾಟಿ ಬಿಡುವಾಗ ನಾನೂ ನನ್ನ ಗಂಡನೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು.

ಒಹಾಯೊ ನದಿ ದಾಟಿ ಕೆಂಟಕಿಯೊಳಗೆ ಎರಡು ತಾಸು ಹೋದ ಮೇಲೆ ಬಾರ್ಡ್ಸ್‌ಟೌನ್ ಹತ್ತಿರವಾಯಿತು. ದಿಬ್ಬಗಳ ಮೇಲೆ ಸಣ್ಣ ಸಣ್ಣ ಕಿಟಕಿಗಳ ಸಾಲಿದ್ದ ಏಳಂತಸ್ತಿನ ಗೋದಾಮುಗಳು ಕಾಣಿಸತೊಡಗಿದವು. ಅಪ್ಪ ಗಾಜಿಗೆ ಮುಖ ಹಚ್ಚಿ ನೋಡಿದ.

"ಗ್ವಾಡಿಗೆ ಯಾಕ ಹಂಗ ಮಸಿ ಹತ್ತೇತಿ? ಬೆಂಕಿ ಬಿದ್ದಿತ್ತೇನು?"

ನನ್ನ ಗಂಡ ಮಂಡ್ಯದ ಕಡೆಯವರು, ಸುಳ್ಳು ಬರುವುದಿಲ್ಲ. "ಬೆಂಕಿ ಅಲ್ಲ ಮಾವ, ಅದೊಂಥರಾ ಬೂಷ್ಟು. ಒಳಗಡೆ ಪೀಪಾಯಿಯಿಂದ ಮದ್ಯದ ಆವಿ ಬರುತ್ತಲ್ಲ, ಅದನ್ನು ತಿಂದು ಬೆಳೆಯುತ್ತೆ" ಅಂದುಬಿಟ್ಟರು. ಗೋಡೆ, ಮರದ ಟೊಂಗೆ, ಬೇಲಿಯ ಕಂಬ ಎಲ್ಲಾ ಕಪ್ಪಗಿದ್ದವು. ಬೌಡೊಯಿನಿಯಾ ಅಂತ ಆ ಶಿಲೀಂಧ್ರದ ಹೆಸರು. ಅದು ಹೊರಗೆ ಹೇಳುವ ಗುಟ್ಟನ್ನು ನಾವು ಮುಚ್ಚಿಡುವುದೇನು ಬಂತು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾತಾಡದಿರುವುದಕ್ಕೆ ಕಾರಣ ನನಗೆ ಗೊತ್ತಿತ್ತು. ನಮ್ಮ ದೊಡ್ಡಪ್ಪನ ಎರಡು ಎಕರೆ ಹೊಲ ಪಾಕೀಟು ಸಾರಾಯಿಗೇ ಹೋಯಿತು, ಆಮೇಲೆ ದೊಡ್ಡಪ್ಪನೂ ಹೋದ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅವನು ತೀರಿ ನಾಲ್ಕು ವರ್ಷವಾಗಿತ್ತು. ಅಪ್ಪ ಒಂದು ಹನಿಯನ್ನೂ ಮುಟ್ಟಿದವನಲ್ಲ. ಕೊನೆಗೆ, "ಬಂದೀವಲ್ಲ, ನೋಡೂಣು. ಜೋಳ ಹೆಂಗ ತೊಗೋತಾರ ಅಂತ ನೋಡ್ತೀನಿ" ಅಂದ.

ಡಿಸ್ಟಿಲರಿಯ ಹೆಸರು ಬರೆಯುವುದಿಲ್ಲ, ಬರೆದರೆ ಜಾಹೀರಾತಾಗುತ್ತದೆ. ನಮ್ಮ ಗೈಡ್ ಬಿಳಿ ಕೂದಲಿನ ಹೆಂಗಸು, ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದರಂತೆ. ಅದು ಕೇಳಿದ ಕೂಡಲೇ ಗೊತ್ತಾಗುತ್ತಿತ್ತು, ಹಿಂದಿನ ಸಾಲಿನವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಮೊದಲು ಕರೆದುಕೊಂಡು ಹೋದದ್ದು ಲಾರಿಗಳು ಕಾಳು ಸುರಿಯುವ ಜಾಗಕ್ಕೆ. ಲಾರಿ ಬಂದ ತಕ್ಷಣ ಉದ್ದನೆಯ ಕೊಳವೆ ಚುಚ್ಚಿ ನಡುವಿನ ಕಾಳು ತೆಗೆಯುತ್ತಾರೆ, ತೇವ ನೋಡುತ್ತಾರೆ, ಆಮೇಲೆ ಒಂದು ಹಿಡಿ ಕಾಳನ್ನು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿ ಮೂಸುತ್ತಾರೆ. ಮುಗ್ಗಲು ವಾಸನೆ ಬಂದರೆ ಇಡೀ ಲಾರಿ ವಾಪಸ್. ಎಷ್ಟು ಬಟ್ಟಿ ಇಳಿಸಿದರೂ ಮುಗ್ಗಲು ಹೋಗುವುದಿಲ್ಲವಂತೆ.

ನಾನು ಕನ್ನಡಕ್ಕೆ ಹೇಳುವ ಮೊದಲೇ ಅಪ್ಪನಿಗೆ ತಿಳಿದಿತ್ತು. ರಾಣೆಬೆನ್ನೂರಿನ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನು ಅವನು. ತೇವ ಅಳೆಯುವ ಮಷೀನು ಬರುವುದಕ್ಕಿಂತ ಮುಂಚೆ ಅವನ ಹಲ್ಲೇ ಮಷೀನು. ಮೇಜಿನ ಮೇಲಿಟ್ಟಿದ್ದ ಗಾಜಿನ ಜಾಡಿಯಿಂದ ನಾಲ್ಕು ಕಾಳು ಎತ್ತಿಕೊಂಡು ಅಂಗೈಯಲ್ಲಿ ಕುಲುಕಿ ಸದ್ದು ಕೇಳಿದ. ಒಂದನ್ನು ಬಾಯಿಗೆ ಹಾಕಿ ಕಟಕ್ ಅನ್ನಿಸಿದ. "ಹದಿನಾಕರ ಒಳಗ ಐತಿ ಅಂತ ಹೇಳವಾ ಆ ಅಕ್ಕಾರಿಗೆ." ಹೇಳಿದೆ. ಆಕೆ ಅಪ್ಪನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಅಲ್ಲಿಂದ ಮುಂದೆ ಇಡೀ ಪ್ರವಾಸದಲ್ಲಿ ಅವನ ಮುಖ ನೋಡಿಯೇ ಮಾತಾಡಿದರು.

ನೀರಿನ ವಿಚಾರ ಬಂತು. ಕೆಂಟಕಿಯ ನೆಲದಡಿ ಸುಣ್ಣಕಲ್ಲಿನ ಹಾಸು ಇದೆ. ಅದರೊಳಗಿಂದ ಸೋಸಿ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ. ಕಬ್ಬಿಣ ಇದ್ದರೆ ವಿಸ್ಕಿ ಕಪ್ಪಾಗಿ ರುಚಿ ಕೆಡುತ್ತದೆ. ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಹುಳಿ ಗಂಜಿಯ ಒಂದು ಪಾಲನ್ನು ಹೊಸ ಗಂಜಿಗೆ ಹಾಕುತ್ತಾರೆ ಅಂದಾಗ ನಾನು ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಂಡೆ. ಹಾಗಲ್ಲ. ಅದು ಕುದಿದು ಬಂದದ್ದು, ಅದರಲ್ಲಿ ಜೀವವಿಲ್ಲ. ಹುಳಿಯ ಮಟ್ಟ ಸರಿಯಿಟ್ಟು ಬೇಡದ ಬ್ಯಾಕ್ಟೀರಿಯಾವನ್ನು ದೂರ ಇಡುವುದಷ್ಟೇ ಅದರ ಕೆಲಸ, ಯೀಸ್ಟ್ ಬೇರೆ ಹಾಕುತ್ತಾರೆ.

ಹುದುಗುವ ತೊಟ್ಟಿಗಳು ಸೈಪ್ರಸ್ ಮರದವು, ಒಂದೊಂದೂ ಒಂದು ಸಣ್ಣ ಬಾವಿಯಷ್ಟು. ಹಳದಿ ಗಂಜಿ ತಾನಾಗಿಯೇ ಕೊತಕೊತ ಅನ್ನುತ್ತಿತ್ತು. ಕೆಳಗೆ ಬೆಂಕಿಯಿಲ್ಲ. ನಾನು ಬಗ್ಗಿ ಮೂಸಲು ಹೋದೆ. ಮೂಗಿಗೆ ಸೂಜಿ ಚುಚ್ಚಿದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಇಂಗಾಲದ ಡೈಆಕ್ಸೈಡು, ಬಗ್ಗಬೇಡಿ ಅಂತ ಗೈಡ್ ಎಳೆದುಕೊಂಡರು. ಅಪ್ಪ ಮಾತ್ರ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ.

"ಹಗೇವಿನ ಗತೆ" ಅಂದ.

ಹಗೇವು ನಾನು ಕಂಡದ್ದು ಕಡಿಮೆ. ನೆಲದೊಳಗೆ ತೋಡಿದ ಕಾಳಿನ ಕಣಜ, ಅಜ್ಜನ ಕಾಲಕ್ಕೇ ಮುಚ್ಚಿಹೋಗಿತ್ತು. ಅದನ್ನು ತೆರೆದ ದಿನ ಯಾರೂ ಕೂಡಲೇ ಇಳಿಯುತ್ತಿರಲಿಲ್ಲವಂತೆ. ಮೊದಲು ಕಂದೀಲು ಇಳಿಬಿಡುವುದು, ಅದು ಆರಿದರೆ ಇನ್ನೂ ಗಾಳಿ ಆಡಬೇಕು ಅಂತ ಲೆಕ್ಕ.

ಮುಂದೆ ತಾಮ್ರದ ಬಟ್ಟಿ. ಅಲ್ಲಿಂದ ಇಳಿಯುವುದು ನೀರಿನಷ್ಟು ತಿಳಿ. ಅದಕ್ಕಿಲ್ಲಿ ವೈಟ್ ಡಾಗ್ ಅನ್ನುತ್ತಾರೆ. 160 ಪ್ರೂಫ್ ದಾಟುವಂತಿಲ್ಲ. ಪ್ರೂಫ್ ಅಂದರೆ ಇಲ್ಲಿ ಶೇಕಡಾವಾರಿನ ಇಮ್ಮಡಿ, ಅಂದರೆ ನೂರಕ್ಕೆ 80ರವರೆಗೆ ಮದ್ಯಸಾರ. ಗೈಡ್ ಎಲ್ಲರ ಅಂಗೈಗೂ ಒಂದೊಂದು ಹನಿ ಬಿಟ್ಟು, ಕುಡಿಯಬೇಡಿ, ಜೋರಾಗಿ ಉಜ್ಜಿ ಅಂದರು. ಅಪ್ಪ ಕೈ ಚಾಚಲೋ ಬೇಡವೋ ಅಂತ ನನ್ನ ಕಡೆ ನೋಡಿದ. ನಾನೇನೂ ಹೇಳಲಿಲ್ಲ. ಚಾಚಿದ. ಉಜ್ಜಿದ ಹಾಗೆ ಮೊದಲು ತಣ್ಣಗಾಯಿತು, ಸ್ಪಿರಿಟ್ ವಾಸನೆ ಹಾರಿಹೋಯಿತು, ಆಮೇಲೆ ಅಂಗೈಯನ್ನು ಬಟ್ಟಲು ಮಾಡಿ ಮೂಗಿಗೆ ಹಿಡಿದರೆ ಬರೀ ಜೋಳ. ಬೇಯಿಸಿದ ತೆನೆಯದಲ್ಲ, ಒಣ ಕಾಳಿನ ಚೀಲದ ಬಾಯಿ ಬಿಚ್ಚಿದಾಗಿನ ವಾಸನೆ. ಉಳಿದವರೆಲ್ಲ ಕೈ ಒರೆಸಿಕೊಂಡು ಮುಂದೆ ಹೋದರು. ಅಪ್ಪ ಎರಡೂ ಅಂಗೈ ಮುಖಕ್ಕೆ ಹಿಡಿದು ಕಣ್ಣುಮುಚ್ಚಿ ನಿಂತೇ ಇದ್ದ. ದೇವರ ಮುಂದೆ ಆರತಿ ತೆಗೆದುಕೊಳ್ಳುತ್ತಿದ್ದಾನೆ ಅಂತ ಯಾರಾದರೂ ಅಂದುಕೊಳ್ಳಬೇಕು.

ಗೋದಾಮಿನ ಒಳಗೆ ತಂಪು, ಅರೆಗತ್ತಲು. ಕೆಂಟಕಿಯಲ್ಲಿ ಮನುಷ್ಯರಿಗಿಂತ ಪೀಪಾಯಿಗಳೇ ಹೆಚ್ಚಿವೆ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ, ಮತ್ತದು ನಿಜವೂ ಹೌದು. ಓಕ್ ಮರದ ಹೊಸ ಪೀಪಾಯಿ, ಒಳಗೋಡೆ ಸುಟ್ಟು ಇದ್ದಲು ಮಾಡಿರಬೇಕು. ಬರ್ಬನ್ನಿನ ಬಣ್ಣವೆಲ್ಲ ಬರುವುದು ಅಲ್ಲಿಂದಲೇ. ಮೇಲೆ ಬಣ್ಣವಾಗಲಿ ಸಕ್ಕರೆಯಾಗಲಿ ಹಾಕುವಂತಿಲ್ಲ, ನೀರು ಮಾತ್ರ. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಯಲ್ಲಿ ಕುಗ್ಗಿ ಮರದ ಸಿಹಿಯನ್ನು ಹೊತ್ತುಕೊಂಡು ಹೊರಬರುತ್ತದೆ. ವರ್ಷಕ್ಕೆ ನೂರಕ್ಕೆ ನಾಲ್ಕರ ಆಸುಪಾಸು ಆವಿಯಾಗುತ್ತದೆ. ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಮಾಡುವಂತಿಲ್ಲವಾದ್ದರಿಂದ ಹಳೆಯವು ಸ್ಕಾಟ್ಲೆಂಡಿಗೆ, ಮೆಕ್ಸಿಕೊಗೆ ಹೋಗುತ್ತವೆ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರೂ ತರಿಸಿಕೊಳ್ಳುತ್ತಾರೆ. ಬೆಂಗಳೂರಿನ ಹವೆಗೆ ದೇವತೆಗಳು ವರ್ಷಕ್ಕೆ ನೂರಕ್ಕೆ ಹತ್ತಕ್ಕೂ ಮೇಲೆ ಕುಡಿಯುತ್ತಾರಂತೆ. "ನಮ್ಮ ಕಡೆ ದೇವ್ರಿಗೂ ಚಟಾ ಜಾಸ್ತಿ" ಅಂದ ಅಪ್ಪ. ಅದು ಆ ದಿನ ಅವನು ನಕ್ಕ ಮೊದಲ ಸಲ.

ಈಗ ಮುಖ್ಯ ವಿಷಯ, ರುಚಿ ನೋಡುವುದು. ಈ ಪ್ರವಾಸ ಬುಕ್ ಮಾಡಿದ್ದು ನನ್ನ ಗಂಡ, ಆದರೆ ಕಾರು ಓಡಿಸಬೇಕಾದವರೂ ಅವರೇ. ಅಪ್ಪ ಕುಡಿಯುವುದಿಲ್ಲ. ಹಾಗಾಗಿ ಉದ್ದ ಮೇಜಿನ ಮೇಲೆ ಸಣ್ಣ ಟ್ಯುಲಿಪ್ ಹೂವಿನಾಕಾರದ ಗ್ಲಾಸುಗಳು ನಾಲ್ಕು ನಾಲ್ಕರಂತೆ ಬಂದು ಕೂತಾಗ, ಕಾಲೇಜಿನಲ್ಲಿ ಎರಡು ಸಲ ಬಿಯರ್ ಕುಡಿದು ಮುಖ ಸಿಂಡರಿಸಿದ್ದು ಬಿಟ್ಟರೆ ಬೇರೆ ಅನುಭವವಿಲ್ಲದ ನಾನೇ ಹೊಣೆ ಹೊರಬೇಕಾಯಿತು, ಅದೂ ಹೆತ್ತಪ್ಪನ ಎದುರು. ಒಂದೊಂದರಲ್ಲೂ ಎರಡು ಚಮಚದಷ್ಟೂ ಇರಲಿಲ್ಲ. ಆದರೂ ಮುಖ ಬಿಸಿಯಾಯಿತು.

ಮೊದಲ ಗ್ಲಾಸಿಗೆ ಮೂಗನ್ನು ಪೂರ್ತಿ ಇಳಿಸಿ ಮಲ್ಲಿಗೆ ದಂಡೆ ಮೂಸುವ ಹಾಗೆ ಎಳೆದೆ. ಮಿದುಳಿನವರೆಗೂ ಉರಿ. ಬಾಯಿ ಸ್ವಲ್ಪ ತೆರೆದಿಟ್ಟುಕೊಂಡು, ಗ್ಲಾಸನ್ನು ಗದ್ದದ ಹತ್ತಿರದಿಂದ ನಿಧಾನ ಮೇಲೆ ತನ್ನಿ ಅಂದರು ಗೈಡ್. ವೈನಿನ ಹಾಗೆ ಗಿರಗಿರ ತಿರುಗಿಸಲೂ ಬೇಡಿ, ಮದ್ಯಸಾರವೇ ಮೊದಲು ಎದ್ದು ಬರುತ್ತದೆ. ಅಪ್ಪ ಪಕ್ಕದಲ್ಲಿ, "ಬ್ಯಾಡಗಿ ಮೆಣಸಿನಕಾಯಿ ಚೀಲ ಬಿಚ್ಚುವಾಗ ಮಾರಿ ನೆಟ್ಟಗ ಹಿಡೀತಾರೇನು? ವಾಸ್ನಿ ತಾನ ಬರಬೇಕು, ನೀ ಹೋಗಬಾರದು" ಅಂದು ತನ್ನ ಪಾಲಿನ ಗ್ಲಾಸನ್ನು ಎದೆಯ ಮಟ್ಟಕ್ಕೆ ಹಿಡಿದು ಮೂಗಿನ ಕೆಳಗೆ ಒಂದು ಸಲ ಅತ್ತಿಂದಿತ್ತ ಹಾಯಿಸಿದ. ನಾನೂ ಹಾಗೇ ಮಾಡಿದೆ. ಆಗ ಬಂತು, ಸಣ್ಣಗೆ, ಸಿಹಿಯಾಗಿ.

ಮೊದಲ ಗುಟುಕಿನ ಮಾತು ನಂಬಬೇಡಿ ಅನ್ನುವುದು ಎರಡನೆಯ ಪಾಠ. ಅದು ಬಾಯಿಯನ್ನು ಒಗ್ಗಿಸುವುದಕ್ಕಷ್ಟೇ. ಎರಡನೆಯದನ್ನು ನಾಲಿಗೆಯ ಮೇಲೆ ಆಡಿಸಿ, ಅನ್ನ ಅಗಿಯುವ ಹಾಗೆ ಅಗಿಯಬೇಕು. ಕೆಂಟಕಿ ಚ್ಯೂ ಅಂತಲೇ ಅದಕ್ಕೆ ಹೆಸರು. ನುಂಗಿದ ಮೇಲೆ ಎದೆಯಲ್ಲಿ ಹರಡುವ ಬಿಸಿಗೆ ಕೆಂಟಕಿ ಹಗ್, ಅಂದರೆ ಅಪ್ಪುಗೆ. ನನಗದು ಅಪ್ಪುಗೆ ಅನ್ನಿಸಲಿಲ್ಲ, ಶುಂಠಿ ಕಷಾಯ ಜಾಸ್ತಿಯಾದ ಹಾಗಿತ್ತು.

ಕೊಟ್ಟ ಹಾಳೆಯಲ್ಲಿ ವೆನಿಲ್ಲಾ, ಕ್ಯಾರಮೆಲ್, ಚರ್ಮ, ತಂಬಾಕು ಅಂತೆಲ್ಲ ಅಚ್ಚಾಗಿತ್ತು. ವೆನಿಲ್ಲಾ ಸುಮ್ಮನೆ ಬರೆದದ್ದಲ್ಲ, ಸುಟ್ಟ ಓಕ್ ಮರದಿಂದ ವೆನಿಲಿನ್ ನಿಜವಾಗಿಯೂ ಇಳಿಯುತ್ತದೆ. ಆದರೆ ಓದಿಕೊಂಡು ಕುಡಿದರೆ ಓದಿದ್ದೇ ಸಿಗುತ್ತದೆ. ನಾನು ಹಾಳೆ ಮಗುಚಿಟ್ಟು ಅಪ್ಪನಿಗೆ ಕೇಳಿದೆ. ಅವನು ಮೂಸುವುದು, ನಾನು ಗುಟುಕರಿಸಿ ನೋಡುವುದು, ಹೀಗೆ ನಡೆಯಿತು.

ಮೊದಲನೆಯದಕ್ಕೆ "ಇದಕ್ಕ ನೀರು ಬೆರಸ್ಯಾರ" ಅಂದ. ತಪ್ಪು. ಅದು ರೈ ಅನ್ನುವ ಕಾಳಿನ ಬದಲು ಗೋಧಿ ಹಾಕಿದ ಬಗೆ, ಅದಕ್ಕೇ ಮೆದು. ಮೇಕರ್ಸ್ ಮಾರ್ಕ್ ಅನ್ನುವ ಬ್ರ್ಯಾಂಡೂ ಇದೇ ಜಾತಿಯದು. ಎರಡನೆಯದಕ್ಕೆ "ಹುರಿದ ಶೇಂಗಾ, ಹಿಂದ ಬೆಲ್ಲದ ಪಾಕ" ಅಂದ. ಶೇಂಗಾ ನನಗೂ ಸಿಕ್ಕಿತು. ಮೂರನೆಯದನ್ನು ಮೂಸಿ ಹುಬ್ಬು ಗಂಟಿಕ್ಕಿದ. "ಇದರಾಗ ಕರಿಮೆಣಸು ಐತಿ."

ಮೆಣಸು ಹಾಕಲ್ಲ ಮಾವ, ಅದು ರೈ ಜಾಸ್ತಿ ಇರೋದು ಅಂದರು ನನ್ನ ಗಂಡ. ಅಪ್ಪ ಬೆಚ್ಚಿದ. "ಸಾಸಿವಿ?" ಮಾರ್ಕೆಟ್ಟಿಗೆ ಬರುತ್ತಿದ್ದ ಹಿಂದಿ ವ್ಯಾಪಾರಿಗಳು ಸಾಸಿವೆಗೆ ರಾಯಿ ಅನ್ನುತ್ತಿದ್ದರಲ್ಲ. ಇದು ಗೋಧಿಯ ದಾಯಾದಿ, ಚಳಿ ದೇಶದ ಕಾಳು ಅಂತ ತಿಳಿಸಿಹೇಳಲು ಐದು ನಿಮಿಷ ಹಿಡಿಯಿತು. ನನಗೆ ಆ ಮೂರನೆಯದು ಸೇರಲಿಲ್ಲ, ಗಂಟಲಲ್ಲಿ ಖಾರ ನಿಂತಿತು.

ನಾಲ್ಕನೆಯದನ್ನು ಅಪ್ಪ ಬಹಳ ಹೊತ್ತು ಹಿಡಿದುಕೊಂಡಿದ್ದ. "ಇದು ಹಳೇದು. ನಮ್ಮ ಪಡಸಾಲಿ ನಾಗಂದಿಗಿ ಒರಸಿದಾಗ ಹಿಂಗ ಬರತಿತ್ತು." ಸರಿ, ಒಂಬತ್ತು ವರ್ಷದ್ದು, ಉಳಿದವಕ್ಕಿಂತ ಹಳೆಯದು. ನೂರು ಪ್ರೂಫ್, ಅಂದರೆ ಶೇಕಡಾ 50. ಒಂದು ಗುಟುಕಿಗೆ ಬೆಂಕಿಯಂತಿದ್ದದ್ದು, ಮೂರು ಹನಿ ನೀರು ಬಿಟ್ಟ ಮೇಲೆ ಬೇರೆಯೇ ಆಯಿತು. ಉರಿ ಹಿಂದೆ ಸರಿದು ಒಣ ಅಂಜೂರದ ಹಾಗೊಂದು ರುಚಿ ಬಂತು. ಐಸ್ ಹಾಕಿಕೊಂಡರೂ ಪಾಪವೇನಿಲ್ಲ, ಆದರೆ ತಣ್ಣಗಾದಷ್ಟೂ ವಾಸನೆ ಮಲಗುತ್ತದೆ. ಹಾಗಂತ ಹಳೆಯದಾದಷ್ಟೂ ಚೆನ್ನ ಅಂತಲೂ ಅಲ್ಲ. ಹೊಸ ಪೀಪಾಯಿಯಲ್ಲಿ ಬಹಳ ವರ್ಷ ಕೂತರೆ ಮರದ ಕಹಿಯೇ ಮೇಲಾಗುತ್ತದೆ. ಇಪ್ಪತ್ತು ವರ್ಷದ ಬಾಟಲಿಗೆ ಸಾವಿರಾರು ಡಾಲರ್ ಸುರಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಆ ನಾಲ್ಕನೆಯದರ ಬಾಟಲಿಯ ಮೇಲೆ ಬಾಟಲ್ಡ್ ಇನ್ ಬಾಂಡ್ ಅಂತ ಬರೆದಿತ್ತು. ಏನದು ಅಂತ ಅಪ್ಪನೇ ಕೇಳಿಸಿದ. 1897ರ ಕಾಯ್ದೆ ಅಂದರು ಗೈಡ್. ಆ ಕಾಲದಲ್ಲಿ ಅಂಗಡಿಯವರು ಅಗ್ಗದ ಸ್ಪಿರಿಟ್ಟಿಗೆ ತಂಬಾಕಿನ ರಸ, ಅಯೋಡಿನ್, ಏನೇನೋ ಬೆರೆಸಿ ಬಣ್ಣ ಕಟ್ಟಿ ವಿಸ್ಕಿ ಅಂತ ಮಾರುತ್ತಿದ್ದರು, ಜನ ಸಾಯುತ್ತಿದ್ದರು. ಅದಕ್ಕೆ ಸರ್ಕಾರ, ಒಂದೇ ಡಿಸ್ಟಿಲರಿಯಲ್ಲಿ ಒಂದೇ ಹಂಗಾಮಿನಲ್ಲಿ ಇಳಿಸಿರಬೇಕು, ಸರ್ಕಾರದ ಉಸ್ತುವಾರಿಯ ಗೋದಾಮಿನಲ್ಲಿ ನಾಲ್ಕು ವರ್ಷವಾದರೂ ಇರಬೇಕು, ನೂರು ಪ್ರೂಫಿಗೇ ಬಾಟಲಿ ಕಟ್ಟಬೇಕು ಅಂತ ಮಾಡಿತು. ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಅಪ್ಪ ಆ ಬಾಟಲಿಯನ್ನು ಕೈಗೆ ತೆಗೆದುಕೊಂಡು ಲೇಬಲ್ಲನ್ನು, ಇಂಗ್ಲಿಷ್ ಓದಲು ಬಾರದಿದ್ದರೂ, ತಿರುಗಿಸಿ ತಿರುಗಿಸಿ ನೋಡಿದ. "ನಮ್ಮ ಪಾಕೀಟಿನ ಮ್ಯಾಲ ಏನ ಬರೆದಿತ್ತೋ ಏನೋ" ಅಂದ.

ಮೇಜಿನ ನಡುವೆ ಒಂದು ಬೋಗುಣಿ ಇತ್ತು. ಯಾಕೆ ಅಂತ ಕೇಳಿದ. ಬೇಡವಾದದ್ದನ್ನು ಅದಕ್ಕೆ ಸುರಿದುಬಿಡುವುದು, ಕುಡಿಯಲೇಬೇಕು ಅಂತಿಲ್ಲ ಅಂದೆ. ಅನ್ನದ ಅಗುಳು ಕೆಳಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತುವ ಮನುಷ್ಯ ತನ್ನ ನಾಲ್ಕೂ ಗ್ಲಾಸನ್ನು ಒಂದೊಂದಾಗಿ, ಚೆಲ್ಲದ ಹಾಗೆ, ಅದಕ್ಕೆ ಸುರಿದ. "ಇದೊಂದ ಚಲೋ ಮಾಡ್ಯಾರ."

ಸಂಜೆ ಮನೆಗೆ ಬರುವ ಹೊತ್ತಿಗೆ ಊರಲ್ಲಿ ಬೆಳಗಾಗಿತ್ತು. ಅವ್ವನ ವಿಡಿಯೊ ಕಾಲ್ ಬಂತು. ಏನೇನು ನೋಡಿದಿರಿ ಅಂತ ಕೇಳಿದಳು. ನಾನು ಫೋನಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು ಶುರುಮಾಡಿಯೇ ಬಿಟ್ಟಿದ್ದ: "ಜೋಳ ಚಲೋ ಐತಿ ಇಲ್ಲಿ, ಮುಗ್ಗಲಿಲ್ಲ. ನಿನ್ನ ಮಗಳು ವಿಸ್ಕಿ ಕುಡದ್ಲು. ಮೂರನೇದ್ದು ಆಕಿಗೆ ಸೇರಲಿಲ್ಲ."

ಅವ್ವನ ಮುಖ ಅಲುಗಾಡದೆ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಗಿರಬೇಕು ಅಂತ ನಾನು ಮೊದಲು ಅಂದುಕೊಂಡೆ.